ಮಗು ಆದ್ಮೇಲೆ ಆಫೀಸ್ ಬಟ್ಟೆ: ಒಳಗಿಂದ ಶುರು ಮಾಡಿ, ಟಾಪು ಆಮೇಲೆ

ರಜೆ ಮುಗೀತಾ ಬಂದು ಆಫೀಸಿಗೆ ಹೋಗೋ ದಿನ ಹತ್ರ ಆದಾಗ ಕಪಾಟು ತೆಗೆದು ನೋಡ್ತೀವಿ, ಪ್ಯಾಂಟು ತೊಡೆ ದಾಟಿ ಮೇಲೆ ಬರಲ್ಲ, ಕುರ್ತಾ ತಲೆಯಿಂದ ಇಳಿದು ಎದೆ ಹತ್ರ ನಿಂತುಬಿಡತ್ತೆ, ಶರ್ಟಿನ ಬಟನ್ ಹೇಗೋ ಹಾಕಿದ್ರೆ ಎರಡು ಬಟನ್ ಮಧ್ಯ ಕಿಂಡಿ ಬಿಟ್ಕೊಳತ್ತೆ. ಆಗ ಕೆಲವ್ರು ಮಗು ಮಲಗಿಸ್ತಾ ಮಲಗಿಸ್ತಾ ಫೋನಲ್ಲಿ ಸೇಲ್ ನೋಡಿ ಐದಾರು ಟಾಪ್ ಆರ್ಡರ್ ಮಾಡಿಬಿಡ್ತಾರೆ, ಇನ್ನು ಕೆಲವ್ರು ಇಳಿದ್ಮೇಲೆ ತಗೊಂಡ್ರಾಯ್ತು ಬಿಡು ಅಂತ ಪ್ರೆಗ್ನೆನ್ಸಿ ಬಟ್ಟೆಯಲ್ಲೇ ವರ್ಷ ತಳ್ತಾರೆ. ಎರಡೂ ಬೇಡ. ಇದಕ್ಕೊಂದು ಕ್ರಮ ಇದೆ: ಮೊದ್ಲು ಬ್ರಾ ಮತ್ತೆ ಒಳಉಡುಪು, ಆಮೇಲೆ ಪ್ಯಾಂಟು, ಅದಾದ್ಮೇಲೆ ಟಾಪು, ಬ್ಲೇಜರ್ ಎಲ್ಲಕ್ಕಿಂತ ಕೊನೆಗೆ. ಯಾಕಂದ್ರೆ ಟಾಪ್ ಎದೆ ಹತ್ರ ಹೇಗೆ ಕೂರತ್ತೆ ಅನ್ನೋದು ಬ್ರಾ ಮೇಲೆ ನಿಂತಿರತ್ತೆ, ಟಾಪ್ ಎಷ್ಟು ಉದ್ದ ಇರ್ಬೇಕು ಅನ್ನೋದು ಪ್ಯಾಂಟಿನ ಸೊಂಟ ಎಲ್ಲಿ ಬರತ್ತೆ ಅನ್ನೋದ್ರ ಮೇಲೆ. ಉಲ್ಟಾ ಮಾಡಿದ್ರೆ ತಗೊಂಡಿದ್ದನ್ನೇ ಮತ್ತೆ ತಗೋಬೇಕಾಗತ್ತೆ.

1. ಇದು ಬರೀ ತೂಕದ ವಿಷ್ಯ ಅಲ್ಲ

ಹಳೇ ತೂಕಕ್ಕೆ ವಾಪಸ್ ಬಂದೆ, ಆದ್ರೂ ಹಳೇ ಪ್ಯಾಂಟು ಆಗ್ತಿಲ್ಲ ಅಂತ ಹೇಳೋರು ತುಂಬ ಜನ, ಅದ್ರಲ್ಲಿ ವಿಚಿತ್ರ ಏನೂ ಇಲ್ಲ. ಗರ್ಭಕೋಶ ಸುಮಾರು 6 ವಾರದಲ್ಲಿ ಮೊದಲಿನ ಸೈಜಿಗೆ ಬರತ್ತೆ, ಆದ್ರೆ ಹೊಟ್ಟೆ ಮೇಲಿನ ಚರ್ಮ, ಸ್ನಾಯು ಅಷ್ಟು ಬೇಗ ಬರಲ್ಲ. ಹೊಟ್ಟೆ ಮಧ್ಯದ ಉದ್ದ ಸ್ನಾಯುಗಳು ಬಸುರಿಯಲ್ಲಿ ಎರಡು ಕಡೆಗೆ ಸರಿದಿರ್ತಾವೆ, ಕೆಲವ್ರಿಗೆ ಅದು ತಿಂಗಳುಗಟ್ಟಲೆ ಹಾಗೇ ಇರತ್ತೆ, ಅದಕ್ಕೇ ಬೆಳಿಗ್ಗೆ ಸರಿ ಇದ್ದ ಹೊಟ್ಟೆ ಸಂಜೆ ಹೊತ್ತಿಗೆ ಮುಂದೆ ಬರತ್ತೆ. ಪಕ್ಕೆಲುಬು ಸ್ವಲ್ಪ ಅಗಲ ಆಗಿರಬಹುದು, ಸೊಂಟದ ಮೂಳೆ ಹತ್ರಾನೂ ಹಾಗೇ, ಪಾದ ಕೂಡ. ಹಾಲು ಕುಡಿಸ್ತಿದ್ರೆ ಎದೆ ಸೈಜು ಬೆಳಿಗ್ಗೆ ಒಂಥರ, ಮಗು ಕುಡಿದ್ಮೇಲೆ ಇನ್ನೊಂಥರ, ಹಾಲು ಬಿಡಿಸಿದ್ಮೇಲೆ ಪೂರ್ತಿ ಬೇರೆ.

ಹಾಗಾಗಿ ಶಾಪಿಂಗನ್ನ ಎರಡು ರೌಂಡ್ ಅಂತ ಲೆಕ್ಕ ಹಾಕ್ಕೊಳ್ಳಿ. ಮೊದಲ ರೌಂಡು ಈಗ, ಕಮ್ಮಿ ಬಟ್ಟೆ, ಇವತ್ತಿನ ಮೈಗೆ. ಎರಡನೇದು ಹಾಲು ಬಿಡಿಸಿ ಎರಡು ಮೂರು ತಿಂಗಳು ಅಳತೆ ಬದಲಾಗದೇ ನಿಂತ್ಮೇಲೆ. ಮಧ್ಯ ಏನಾದ್ರೂ ತಗೋಬೇಕು ಅಂತ ಕೈ ತುರಿಸಿದ್ರೆ ಓಲೆಯೋ ಸ್ಕಾರ್ಫೋ ತಗೊಳ್ಳಿ, ಅದಕ್ಕೆ ಸೈಜಿನ ತಲೆನೋವಿಲ್ಲ.

2. ಕಪಾಟು ಕ್ಲೀನ್ ಮಾಡೋದು, ಆದ್ರೆ ಕೂತ್ಕೊಂಡು

ಇರೋ ಆಫೀಸ್ ಬಟ್ಟೆಗಳನ್ನ ಒಂದೊಂದಾಗಿ ಹಾಕಿ ನೋಡಿ. ಒಂದೇ ದಿನದಲ್ಲಿ ಮುಗಿಸ್ತೀನಿ ಅಂತ ಹೋಗಬೇಡಿ, ಮಗು ಮಲಗಿರೋ ಹೊತ್ತಲ್ಲಿ ಇವತ್ತು ಪ್ಯಾಂಟು, ಇನ್ನೊಂದಿನ ಕುರ್ತಾ ಅಂದ್ರೆ ಸಾಕು. ಹಾಕಿದ್ಮೇಲೆ ಕನ್ನಡಿ ಮುಂದೆ ನಿಂತು ನೋಡೋದಕ್ಕಿಂತ ಮುಂಚೆ ಒಂದು ಗಟ್ಟಿ ಕುರ್ಚಿ ಮೇಲೆ 10 ನಿಮಿಷ ಕೂತ್ಕೊಳ್ಳಿ, ಕೀಬೋರ್ಡ್ ಮುಂದೆ ಇದ್ದಂಗೆ ಎರಡೂ ಕೈ ಮುಂದೆ ಚಾಚಿ, ನೆಲದ ಮೇಲೆ ಬಿದ್ದಿರೋ ಆಟದ ಸಾಮಾನು ಬಗ್ಗಿ ಎತ್ತಿ. ನಿಂತಾಗ ಪರ್ಫೆಕ್ಟ್ ಆಗಿ ಕಾಣೋ ಪ್ಯಾಂಟು ಕೂತ ತಕ್ಷಣ ಹೊಟ್ಟೆ ಮೇಲೆ ಕೆಂಪು ಗೆರೆ ಎಳೀತು ಅಂದ್ರೆ ಅದು ಆಗ್ತಿಲ್ಲ ಅಂತಾನೇ, ಆಫೀಸಲ್ಲಿ ನಾವು ನಿಂತಿರೋದು ಎಷ್ಟೊತ್ತು ಹೇಳಿ.

ಹಾಕಿ ನೋಡಿದ್ದನ್ನ ಈಗ ಆಗೋದು, ಟೈಲರ್ ಹತ್ರ ಹೋದ್ರೆ ಆಗೋದು, ಈಗ ಆಗಲ್ಲ ಆದ್ರೆ ಕೊಡೋಕೆ ಮನಸ್ಸಿಲ್ಲ, ಇನ್ನು ಬೇಡ ಅಂತ ನಾಲ್ಕು ಗುಡ್ಡೆ ಮಾಡಿ. ಮೂರನೇ ಗುಡ್ಡೆಗೆ ಒಂದೇ ಒಂದು ಡಬ್ಬ, ಅದ್ರಲ್ಲಿ ಹಿಡಿಸಿದಷ್ಟೇ, ಮೇಲೆ ಇವತ್ತಿನ ತಾರೀಖು ಬರೆದು ಅಟ್ಟದ ಮೇಲೆ ಇಟ್ಬಿಡಿ. ದಿನಾ ಬೆಳಿಗ್ಗೆ ಬಟ್ಟೆ ಹುಡುಕುವಾಗ ಆಗದಿರೋ ಪ್ಯಾಂಟು ಕಣ್ಮುಂದೆ ನೇತಾಡ್ತಾ ಇದ್ರೆ ಆ ದಿನಾನೇ ಕೆಟ್ಟೋಗತ್ತೆ. ಇನ್ನೊಂದು ಮಗು ಬೇಕು ಅಂತ ಇದ್ರೆ ಪ್ರೆಗ್ನೆನ್ಸಿ ಬಟ್ಟೆನ ಬೇರೆ ಡಬ್ಬದಲ್ಲಿ ಇಡಿ, ಇದ್ರ ಜೊತೆ ಕಲಸಬೇಡಿ.

3. ಅಳತೆ ತಗೊಳ್ಳಿ, ಹೊಟ್ಟೆ ಒಳಗೆ ಎಳ್ಕೊಳ್ಳದೇ

ಹಳೇ ಸೈಜ್ ನಂಬರ್ ಮರೆತುಬಿಡಿ, ಎಮ್ಮು ಎಲ್ಲು ಎಕ್ಸೆಲ್ಲು ಬ್ರ್ಯಾಂಡಿಂದ ಬ್ರ್ಯಾಂಡಿಗೆ ಬೇರೆ, ಒಂದೇ ಬ್ರ್ಯಾಂಡಲ್ಲೂ ಒಂದೊಂದ್ಸಲ ಬೇರೆ. ಟೇಪ್ ಹಿಡಿದು ಇಷ್ಟು ಬರ್ಕೊಳ್ಳಿ: ಎದೆಯ ತುಂಬಿದ ಭಾಗ, ಎದೆ ಕೆಳಗೆ, ಸೊಂಟ, ಹೊಟ್ಟೆ ಮುಂದೆ ಬಂದಿರೋ ಕಡೆ, ಹಿಪ್ಪು, ತೋಳಿನ ದಪ್ಪ ಭಾಗ, ಭುಜದಿಂದ ಭುಜ. ಸೊಂಟ ಬೇರೆ, ಹೊಟ್ಟೆ ಮುಂದೆ ಬಂದಿರೋ ಜಾಗ ಬೇರೆ ಅನ್ನೋದು ಮುಖ್ಯ, ಮಗು ಆದ್ಮೇಲೆ ಎಷ್ಟೋ ಸಲ ಎರಡರ ಮಧ್ಯ ಎರಡು ಮೂರು ಇಂಚು ವ್ಯತ್ಯಾಸ ಇರತ್ತೆ, ಸೈಜ್ ಚಾರ್ಟಲ್ಲಿ ಬರೀ ಸೊಂಟ ಕೇಳ್ತಾರೆ, ನಾವು ಅದನ್ನ ನೋಡಿ ತರಿಸ್ತೀವಿ, ಬಂದ್ಮೇಲೆ ಹೊಟ್ಟೆ ಹತ್ರ ಹಿಡಿಯತ್ತೆ. ಸಂಜೆ ಅಳೀರಿ. ಬೆಳಿಗ್ಗೆಯ ಅಳತೆ ಸಂಜೆ ಮೀಟಿಂಗಿಗೆ ಬರಲ್ಲ.

ಇನ್ನೊಂದು ಅಳತೆ ಯಾರೂ ತಗೊಳ್ಳಲ್ಲ, ಅದು ರೈಸ್, ಅಂದ್ರೆ ಪ್ಯಾಂಟಿನ ಸೊಂಟದ ಪಟ್ಟಿಯಿಂದ ತೊಡೆ ಸಂದಿನ ಹೊಲಿಗೆ ತನಕದ ಎತ್ತರ. ಗಟ್ಟಿ ಕುರ್ಚಿ ಮೇಲೆ ನೆಟ್ಟಗೆ ಕೂತು ಪಕ್ಕದಲ್ಲಿ ಸೊಂಟದಿಂದ ಕುರ್ಚಿ ತನಕ ಎಷ್ಟಿದೆ ಅಂತ ಟೇಪ್ ಇಟ್ಟು ನೋಡಿ. ಪ್ಯಾಂಟು ಹೊಲಿಸೋದಾದ್ರೆ ಟೈಲರಿಗೆ ಇದು ಹೇಳಿ, ಕೂತಾಗ ಹಿಂದೆ ಜಾರೋದು ಮುಂದೆ ಹಿಡಿಯೋದು ಎರಡೂ ಸರಿಹೋಗತ್ತೆ.

4. ಬ್ರಾ

ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎದೆ ಕೆಳಗಿನ ಅಳತೆ ಬ್ಯಾಂಡ್ ಸೈಜು, ತುಂಬಿದ ಭಾಗದ ಅಳತೆಯಲ್ಲಿ ಅದನ್ನ ಕಳೆದ್ರೆ ಬರೋದು ಕಪ್: 1 ಇಂಚು ಹೆಚ್ಚಿದ್ರೆ ಎ, 2 ಇದ್ರೆ ಬಿ, 3 ಇದ್ರೆ ಸಿ, 4 ಇದ್ರೆ ಡಿ. ಕೆಳಗೆ 34, ಮೇಲೆ 37 ಇದ್ರೆ 34 ಸಿ ಇಂದ ಟ್ರೈ ಮಾಡೋಕೆ ಶುರು ಮಾಡಿ. ಕಪ್ ಸರಿ ಇದೆ ಆದ್ರೆ ಬ್ಯಾಂಡು ಬಿಗಿ ಅಂತ ಅನ್ಸಿದ್ರೆ 36 ಸಿ ಅಲ್ಲ 36 ಬಿ ತಗೋಬೇಕು, ಬ್ಯಾಂಡ್ ಒಂದು ಸೈಜ್ ಮೇಲೆ ಹೋದ್ರೆ ಕಪ್ ಒಂದು ಅಕ್ಷರ ಕೆಳಗೆ ಬರ್ಬೇಕು, ಆಗ್ಲೇ ಕಪ್ಪಿನ ಒಳಗಿನ ಜಾಗ ಅಷ್ಟೇ ಇರತ್ತೆ. ಭಾರ ಹೊರೋದು ಬ್ಯಾಂಡು, ಸ್ಟ್ರ್ಯಾಪ್ ಅಲ್ಲ. ಹೆಗಲ ಮೇಲೆ ಸ್ಟ್ರ್ಯಾಪಿನ ಗುಳಿ ಬೀಳ್ತಿದೆ ಅಂದ್ರೆ ಬ್ಯಾಂಡು ಸಡಿಲ ಇದೆ ಅಂತ.

ಸಾಮಾನ್ಯವಾಗಿ ಹೊಸ ಬ್ರಾ ತಗೊಳ್ಳುವಾಗ ಹೊರಗಿನ ಕೊನೇ ಹುಕ್ಕಿಗೆ, ಅಂದ್ರೆ ಅತಿ ಸಡಿಲ ಹುಕ್ಕಿಗೆ ಸರಿಯಾಗಿ ಕೂರೋದನ್ನ ತಗೊಳ್ಳಿ, ಎಲಾಸ್ಟಿಕ್ ಸಡಿಲ ಆಗ್ತಾ ಆಗ್ತಾ ಒಳಗಿನ ಹುಕ್ಕಿಗೆ ಬರಬಹುದು. ಬಸುರಿಯಲ್ಲಿ ತಗೊಳ್ಳೋರು ಮಾತ್ರ ಇದಕ್ಕೆ ಉಲ್ಟಾ ಮಾಡ್ಬೇಕು, ಹೆರಿಗೆ ಆದ್ಮೇಲೆ ಪಕ್ಕೆ ಕಮ್ಮಿ ಆಗತ್ತಲ್ಲ. ಹಾಲು ಕುಡಿಸ್ತಿರೋರು ಒತ್ತೋ ವೈರ್ ಇರೋದು ಬಿಟ್ಟು ಮೆತ್ತಗಿನ, ಕಪ್ಪಲ್ಲಿ ಸ್ವಲ್ಪ ಜಾಗ ಇರೋ ನರ್ಸಿಂಗ್ ಬ್ರಾ ನೋಡಿ. ಒಂದೇ ಕಡೆ ಒತ್ತಿದ್ರೆ ಹಾಲು ಕಟ್ಕೊಂಡು ಗಂಟಾಗೋ ಸಾಧ್ಯತೆ ಇದೆ, ಆಫೀಸಲ್ಲಿ ಮಧ್ಯಾಹ್ನ ಹಾಲು ಪಂಪ್ ಮಾಡಿ ತೆಗೆಯೋದು ಲೇಟಾದ್ರೆ ಇನ್ನೂ ಕಷ್ಟ. ಮೂರು ಬ್ರಾ ಸಾಕು, ಒಂದು ಮೈಮೇಲೆ, ಒಂದು ಒಗೆಯೋಕೆ, ಒಂದು ಒಣಗ್ತಾ.

ಸಿಸೇರಿಯನ್ ಆಗಿದ್ರೆ ಚಡ್ಡಿ ಕೂಡ ಬದಲಾಯಿಸಿ, ಲೋ ವೇಸ್ಟ್ ಚಡ್ಡಿಯ ಎಲಾಸ್ಟಿಕ್ಕು ಸರಿಯಾಗಿ ಹೊಲಿಗೆ ಗಾಯದ ಮೇಲೇ ಬರತ್ತೆ, ಹೊಕ್ಕುಳ ತನಕ ಬರೋ ಕಾಟನ್ನು ಇದ್ರೆ ಆ ಉರಿ ಇರಲ್ಲ. ಹೊಟ್ಟೆ ಬಿಗಿಯೋ ಶೇಪ್‌ವೇರ್ ದಿನವಿಡೀ ಹಾಕೋದು ಬೇಡ, ಬೆಲ್ಟು ಬೇಕು ಅಂದ್ರೆ ಡಾಕ್ಟರನ್ನ ಕೇಳಿ ಹಾಕ್ಕೊಳ್ಳಿ.

ಯಾರೂ ಬಾಯಿ ಬಿಡದಿರೋ ಇನ್ನೊಂದು ವಿಷ್ಯ, ಕೆಮ್ಮಿದ್ರೆ ನಕ್ಕರೆ ಯೂರಿನ್ ಸೋರೋದು. ತುಂಬ ಕಾಮನ್. ಅದು ನಿಮಗಿದ್ರೆ ಮೊದಲ ಪ್ಯಾಂಟು ಕಪ್ಪು ಅಥವಾ ನೇವಿ ಬಣ್ಣದ್ದೇ ಇರ್ಲಿ, ಪೀರಿಯಡ್ ಪ್ಯಾಂಟಿ ಅಥವಾ ಪ್ಯಾಡ್ ಇಟ್ಕೊಂಡು ಧೈರ್ಯವಾಗಿ ಹೋಗಿ, ಆದ್ರೆ ಇನ್ಮೇಲೆ ಇಷ್ಟೇ ನನ್ನ ಕಥೆ ಅಂತ ಕೂರಬೇಡಿ, ಪೆಲ್ವಿಕ್ ಫ್ಲೋರ್, ಅಂದ್ರೆ ಮೂತ್ರಕೋಶವನ್ನ ಕೆಳಗಿಂದ ಹಿಡಿದಿರೋ ಸ್ನಾಯುಗಳನ್ನ ನೋಡೋ ಫಿಸಿಯೋಥೆರಪಿಸ್ಟ್ ಹತ್ರ ಹೋದ್ರೆ ವ್ಯಾಯಾಮದಲ್ಲೇ ತುಂಬ ಜನಕ್ಕೆ ಕಮ್ಮಿ ಆಗತ್ತೆ.

5. ಪ್ಯಾಂಟು: ಎರಡೇ, ಆದ್ರೆ ಒಳ್ಳೇದು

ಮೊದಲ ರೌಂಡಿಗೆ ಎರಡು ಪ್ಯಾಂಟು ಸಾಕು, ಒಂದು ಕಪ್ಪು, ಇನ್ನೊಂದು ನೇವಿಯೋ ಗಾಢ ಗ್ರೇನೋ. ನಮ್ಮ ಟೀಮಲ್ಲಿ ಒಬ್ರು ಒಂದೇ ಕಪ್ಪು ಪ್ಯಾಂಟನ್ನ ಎರಡು ಪೀಸ್ ತಗೊಂಡು ಅದನ್ನೇ ದಿನ ಬಿಟ್ಟು ದಿನ ಹಾಕ್ತಿದ್ರು, ಅವ್ರೇ ಹೇಳೋ ತನಕ ಒಬ್ರಿಗೂ ಗೊತ್ತಾಗಿರ್ಲಿಲ್ಲ. ಜನ ನೋಡೋದು ಟಾಪ್ ಮತ್ತೆ ಮುಖ.

ಸೊಂಟ ಹೊಕ್ಕುಳ ಹತ್ರ ಬರೋ ಹೈ ರೈಸ್ ನೋಡಿ, ಫ್ರಂಟ್ ರೈಸ್ 10 ಇಂಚಿಗಿಂತ ಜಾಸ್ತಿ ಅಂತ ಬರೆದಿದ್ರೆ ಸಾಮಾನ್ಯವಾಗಿ ಹೈ ರೈಸೇ. ಹಳೇ ಲೋ ರೈಸು ಹೊಟ್ಟೆಯ ಕೆಳಗೆ ಕಟ್ಟಿ ಮೇಲಿಂದನ್ನ ಹೊರಗೆ ತಳ್ಳತ್ತೆ, ಹೈ ರೈಸಿನ ಅಗಲ ಪಟ್ಟಿ ಅದನ್ನೆಲ್ಲ ಒಳಗೆ ಹಿಡ್ಕೊಂಡು ಸಮ ಮಾಡತ್ತೆ. ಮುಂದೆ ಸಪಾಟು ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್ ಇರೋದು ಸಿಕ್ಕಿದ್ರೆ ಬಿಡಬೇಡಿ, ಟಾಪ್ ಮುಂದೆ ಮಾತ್ರ ಸ್ವಲ್ಪ ಟಕ್ ಮಾಡಿದ್ರೆ ಎಲಾಸ್ಟಿಕ್ ಪ್ಯಾಂಟು ಅಂತ ಯಾರಿಗೂ ಗೊತ್ತಾಗಲ್ಲ. ಒಳಗಿನ ಲೇಬಲ್ಲಲ್ಲಿ ಎಲಾಸ್ಟೇನ್ 2 ರಿಂದ 5 ಪರ್ಸೆಂಟ್ ಇದೆಯಾ ನೋಡಿ, ಕೆಲವು ಕಡೆ ಸ್ಪ್ಯಾಂಡೆಕ್ಸ್ ಅಂತ ಇರತ್ತೆ, ಅದೇ ಇದು. ಅದೂ ಇಲ್ಲ ಅಂದ್ರೆ ಬಟ್ಟೆ ಜಗ್ಗಲ್ಲ, ತುಂಬಾ ಜಾಸ್ತಿ ಇದ್ರೆ ಲೆಗ್ಗಿಂಗ್ಸ್ ಥರ ಪ್ರತಿ ಉಬ್ಬು ತೋರ್ಸತ್ತೆ. ಪಾಂಟೆ ಅಂತ ಒಂದು ದಪ್ಪ ನಿಟ್ ಬಟ್ಟೆ ಬರತ್ತೆ, ನೋಡೋಕೆ ಫಾರ್ಮಲ್ ಪ್ಯಾಂಟಿನ ಹಾಗೆ, ಹಾಕ್ಕೊಂಡ್ರೆ ನೈಟ್ ಪ್ಯಾಂಟಿನಷ್ಟು ಆರಾಮ, ನೆಲದ ಮೇಲೆ ಮಗು ಜೊತೆ ಕೂತು ಎದ್ರೂ ಅಷ್ಟಾಗಿ ಸುಕ್ಕಾಗಲ್ಲ.

ಉದ್ದ ಕತ್ತರಿಸೋ ಮುಂಚೆ ಚಪ್ಪಲಿ ಶೂ ವಿಷ್ಯ ಮುಗಿಸ್ಕೊಳ್ಳಿ. ಪಾದದ ಕಮಾನು ಬಸುರಿಯಲ್ಲಿ ಸ್ವಲ್ಪ ಕೆಳಗಿಳಿದು ಪಾದ ಉದ್ದ ಅಗಲ ಆಗಿದ್ರೆ ಎಷ್ಟೋ ಜನಕ್ಕೆ ಅದು ವಾಪಸ್ ಹೋಗಲ್ಲ, ಅರ್ಧ ಸೈಜು ಒಂದು ಸೈಜು ದೊಡ್ಡದು ಬೇಕಾಗಬಹುದು, ಸಂಜೆ ನಿಂತ್ಕೊಂಡೇ ಪಾದ ಅಳತೆ ಕೊಡಿ. ಆಮೇಲೆ ಅದೇ ಜೋಡಿ ಹಾಕ್ಕೊಂಡು ಟೈಲರ್ ಹತ್ರ ಪ್ಯಾಂಟಿನ ಉದ್ದ ಮಾರ್ಕ್ ಮಾಡ್ಸಿ.

6. ಟಾಪು, ಕುರ್ತಾ, ಶರ್ಟು

ಹಾಲು ಕುಡಿಸ್ತಿದ್ರೆ ಅಥವಾ ಆಫೀಸಲ್ಲಿ ಪಂಪ್ ಮಾಡೋದಿದ್ರೆ ಹಿಂದೆ ಜಿಪ್ ಇರೋ ಡ್ರೆಸ್ಸು, ಕತ್ತು ಚಿಕ್ಕದಿರೋ ಉದ್ದ ಕುರ್ತಾ ಎರಡೂ ಸದ್ಯಕ್ಕೆ ಬೇಡ, ಪಂಪ್ ಮಾಡೋಕೆ ಪೂರ್ತಿ ಬಿಚ್ಚಬೇಕಾಗತ್ತೆ. ಮುಂದೆ ಸೊಂಟದ ತನಕ ಬಟನ್ ಇರೋದು, ವ್ರ್ಯಾಪ್ ಥರದ್ದು, ಇಲ್ಲಾ ಒಳಗೊಂದು ನರ್ಸಿಂಗ್ ಸ್ಲಿಪ್ ಹಾಕ್ಕೊಂಡು ಮೇಲೆ ಸಡಿಲ ಟಾಪು. ಸ್ಲಿಪ್ ಇದ್ರೆ ಮೇಲಿಂದು ಎತ್ತಿದಾಗ ಹೊಟ್ಟೆ ಕಾಣಲ್ಲ, ಅದೊಂದು ನೆಮ್ಮದಿ.

ಫಿಟ್ಟಿಂಗ್ ನೋಡುವಾಗ ಭುಜ ಮೊದ್ಲು. ಭುಜದ ಹೊಲಿಗೆ ಭುಜದ ಮೂಳೆ ಮೇಲೆ ಬಂದಿದ್ರೆ ಉಳಿದಿದ್ದು ಸ್ವಲ್ಪ ಸಡಿಲ ಇದ್ರೂ ನೀಟಾಗಿ ಕಾಣತ್ತೆ, ಭುಜ ಜೋತು ಬಿದ್ರೆ ಎಷ್ಟು ದುಬಾರಿ ಬಟ್ಟೆ ಹಾಕಿದ್ರೂ ಯಾರದ್ದೋ ಬಟ್ಟೆ ಹಾಕ್ಕೊಂಡಂಗೆ ಇರತ್ತೆ. ಜಗ್ಗದಿರೋ ಬಟ್ಟೆಯ ಕುರ್ತಾ ಎದೆ ಹತ್ರ ಮೈ ಅಳತೆಗಿಂತ 2 ರಿಂದ 4 ಇಂಚು ಜಾಸ್ತಿ ಇರ್ಲಿ, ಟೀ ಶರ್ಟ್ ಥರ ಜಗ್ಗೋ ಬಟ್ಟೆಗೆ ಮೈ ಅಳತೆಯಷ್ಟೇ ಇದ್ರೂ ನಡೆಯತ್ತೆ. ಆನ್‌ಲೈನಲ್ಲಿ ತರಿಸೋದಾದ್ರೆ ಚಾರ್ಟಲ್ಲಿ ಕೊಟ್ಟಿರೋದು ಮೈ ಅಳತೆನಾ ಬಟ್ಟೆ ಅಳತೆನಾ ಅಂತ ಮೊದ್ಲು ನೋಡಿ, ಬಟ್ಟೆ ಅಳತೆ ಆದ್ರೆ ಈಗ ಸರಿಯಾಗಿ ಆಗೋ ಒಂದು ಕುರ್ತಾನ ಮಂಚದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ ಅಳೆದು ಡಬಲ್ ಮಾಡಿ ಹೋಲಿಸಿ ನೋಡಿ, ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಬಟನ್ ಮಧ್ಯದ ಕಿಂಡಿಗೆ ಒಂದು ಸೈಜ್ ದೊಡ್ಡ ಶರ್ಟ್ ತಗೊಂಡ್ರೆ ಭುಜ ಹೋಗತ್ತೆ. ಅದ್ರ ಬದ್ಲು ಕಿಂಡಿ ಬೀಳೋ ಜಾಗದಲ್ಲಿ, ಎರಡು ಬಟನ್ ನಡುವೆ ಪಟ್ಟಿಯ ಒಳಮೈಗೆ ಒಂದು ಚಿಕ್ಕ ಟಿಚ್ ಬಟನ್ ಹಾಕ್ಸಿ, ಹೊರಗೆ ಹೊಲಿಗೆ ಕಾಣದ ಹಾಗೆ ದಾರ ಒಂದೇ ಪದರಕ್ಕೆ ಹಿಡಿದ್ರೆ ಸಾಕು, ಮನೇಲೇ ಐದು ನಿಮಿಷದ ಕೆಲ್ಸ.

ಬಣ್ಣದ ಬಗ್ಗೆ ಎಲ್ಲರೂ ಕಪ್ಪು ಹಾಕು ಅಂತಾರೆ. ಹಾಲು ಸೋರಿ ಒದ್ದೆ ಆದ್ರೆ ಕಪ್ಪಲ್ಲಿ ಕಾಣಲ್ಲ ನಿಜ, ಆದ್ರೆ ಹೊರಡೋ ಹೊತ್ತಲ್ಲಿ ಮಗು ಹೆಗಲ ಮೇಲೆ ಕಕ್ಕಿದ್ದು ಒಣಗಿ ಬೆಳ್ಳಗೆ ಕೂತಿರತ್ತಲ್ಲ, ಅದು ಕಪ್ಪಲ್ಲೇ ಎದ್ದು ಕಾಣೋದು. ತಿಳಿ ಗ್ರೇ ಮತ್ತೆ ಪ್ಲೇನ್ ತಿಳಿ ಬಣ್ಣದಲ್ಲಿ ಒದ್ದೆ ದೂರದಿಂದಾನೇ ಗೊತ್ತಾಗತ್ತೆ. ಎರಡಕ್ಕೂ ಆಗೋದು ಮಧ್ಯಮ ಬಣ್ಣದ ಮೇಲೆ ಚಿಕ್ಕ ಚಿಕ್ಕ ಪ್ರಿಂಟ್, ಅದು ಎಲ್ಲಾನೂ ನುಂಗತ್ತೆ. ರೇಷ್ಮೆ, ಸ್ಯಾಟಿನ್ ಮೇಲೆ ನೀರು ಬಿದ್ರೂ ಕಲೆ, ಅವು ಸದ್ಯಕ್ಕೆ ಡಬ್ಬದಲ್ಲೇ ಇರ್ಲಿ.

7. ಟೈಲರ್ ಹತ್ರ ಹೋಗೋ ಮುಂಚೆ ಬಟ್ಟೆ ಉಲ್ಟಾ ಮಾಡಿ

ಹಳೇ ಕುರ್ತಾ ಉಳಿಯತ್ತಾ ಇಲ್ವಾ ಅನ್ನೋದು ಒಳಗಡೆ ಸೈಡ್ ಹೊಲಿಗೆ ಹತ್ರ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅನ್ನೋದ್ರಲ್ಲಿದೆ. ಉಲ್ಟಾ ಮಾಡಿ ಹೊಲಿಗೆಯಿಂದ ಅಂಚಿನ ತನಕ ಸ್ಕೇಲ್ ಇಟ್ಟು ನೋಡಿ. ಒಂದೊಂದು ಸೈಡಲ್ಲಿ ಮುಂದಿನ ಪದರ ಹಿಂದಿನ ಪದರ ಅಂತ ಎರಡಿರತ್ತೆ, ಒಂದೊಂದು ಪದರದಲ್ಲಿ ಅರ್ಧ ಇಂಚು ಬಿಚ್ಚೋಕೆ ಆದ್ರೆ ಒಂದು ಸೈಡಿಗೆ 1 ಇಂಚು, ಎರಡೂ ಸೈಡ್ ಸೇರಿ 2 ಇಂಚು ಸಿಗತ್ತೆ. 2 ಇಂಚು ಅಂದ್ರೆ ಹೆಚ್ಚುಕಮ್ಮಿ ಒಂದು ಸೈಜು. ಹೊಲಿಗೆ ಬಿಚ್ಚಿದ ಮೇಲೆ ಸೂಜಿ ತೂತು ಕಾಟನ್ನಲ್ಲಿ ಒಗೆದು ಇಸ್ತ್ರಿ ಹಾಕಿದ್ರೆ ಬಹುತೇಕ ಮುಚ್ಕೊಳತ್ತೆ, ರೇಷ್ಮೆಯಲ್ಲಿ ಹಾಗೇ ಉಳಿಯತ್ತೆ. ಇನ್ನೊಂದು, ಹೊರಗಿನ ಬಣ್ಣ ಮಾಸಿದ್ರೆ ಒಳಗಿಂದ ಬಿಚ್ಚಿದ ಭಾಗ ಗಾಢವಾಗಿ ಪಟ್ಟೆ ಥರ ಕಾಣತ್ತೆ, ಬೆಳಕಿಗೆ ಹಿಡಿದು ಮೊದ್ಲೇ ನೋಡ್ಕೊಳ್ಳಿ.

ಎದೆ ಆಗತ್ತೆ ಆದ್ರೆ ತೋಳು ಹಿಡಿಯತ್ತೆ ಅಂದ್ರೆ ಬರೀ ಸೈಡ್ ಬಿಚ್ಚಿ ಪ್ರಯೋಜನ ಇಲ್ಲ, ಕಂಕುಳಿಂದ ತೋಳಿನ ಕೆಳಗಿನ ಹೊಲಿಗೆ ತನಕ ಒಟ್ಟಿಗೆ ಬಿಚ್ಚಬೇಕು, ಅಲ್ಲೂ ಬಟ್ಟೆ ಇಲ್ಲ ಅಂದ್ರೆ ಕಂಕುಳಲ್ಲಿ ಚೌಕದ ಸಣ್ಣ ಪೀಸ್ ಕೊಡ್ಸಿ, ಕೈ ಇಳಿಸಿದ್ರೆ ಕಾಣಲ್ಲ. ಸೀರೆ ಬ್ಲೌಸಿಗೂ ಇದೇ ಲೆಕ್ಕ. ಫಾರ್ಮಲ್ ಪ್ಯಾಂಟಲ್ಲಿ ಹಿಂದಿನ ನಡು ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿರ್ತಾರೆ, ಅಲ್ಲಿ ಸೊಂಟ ಬಿಡಿಸಬಹುದು. ಜೀನ್ಸಲ್ಲಿ ಹೊಲಿಗೆನ ಮಡಚಿ ಡಬಲ್ ಹೊಡೆದಿರ್ತಾರೆ, ಒಳಗೆ ಏನೂ ಇರಲ್ಲ, ಟೈಲರ್ ಹತ್ರ ಹೊತ್ಕೊಂಡು ಹೋಗೋದೇ ವೇಸ್ಟು.

ಹೊಸದು ತಗೊಳ್ಳುವಾಗ ನಿಮ್ಮ ಮೈಯಲ್ಲಿ ಎಲ್ಲಿ ಅಗಲ ಜಾಸ್ತಿ ಇದೆಯೋ ಅದಕ್ಕೆ ಆಗೋ ಸೈಜ್ ತಗೊಂಡು ಉಳಿದ ಕಡೆ ಹಿಡಿಸಿ. ಹಿಡಿಸೋದು ಸುಲಭ, ಬಿಡಿಸೋಕೆ ಬಟ್ಟೆ ಇರ್ಬೇಕಲ್ಲ. ಕಾಟನ್ ಆದ್ರೆ ಒಂದ್ಸಲ ಒಗೆದೇ ಟೈಲರಿಗೆ ಕೊಡಿ, ಇಲ್ಲಾಂದ್ರೆ ಅಳತೆಗೆ ಹಿಡಿಸಿದ್ದು ಒಗೆದ್ಮೇಲೆ ಕುಗ್ಗಿ ಮತ್ತೆ ಅದೇ ರಾಮಾಯಣ.

8. ಎಷ್ಟು ಬೇಕು

2 ಪ್ಯಾಂಟು, 4 ಟಾಪು, ಮೇಲೆ ಹಾಕೋಕೆ ಒಂದು ಓಪನ್ ಕಾರ್ಡಿಗನ್ನೋ ಶ್ರಗ್ಗೋ. ಪ್ರತಿ ಟಾಪು ಎರಡೂ ಪ್ಯಾಂಟಿಗೆ ಹೊಂದ್ಬೇಕು, ಆಗ 8 ಜೋಡಿ ಆಗತ್ತೆ, ವಾರಕ್ಕೆ ಎರಡ್ಸಲ ಒಗೆದ್ರೆ ಐದು ದಿನದ ಆಫೀಸಿಗೆ ಆರಾಮಾಗಿ ಸಾಕು. ಮನೇಲೇ ಇಸ್ತ್ರಿ ಮಾಡೋಕೆ ಟೈಮ್ ಸಿಗಲ್ಲ ಅನ್ನೋರು ಲಿನನ್ ತಗೋಬೇಡಿ. ದಪ್ಪ ಆಗಿದೀಯ ಅಂತ ಆಫೀಸಲ್ಲಿ ಒಬ್ರಾದ್ರೂ ಹೇಳ್ತಾರೆ, ಹೇಳ್ಲಿ, ಅದಕ್ಕೋಸ್ಕರ ಐದನೇ ಟಾಪ್ ತಗೊಳ್ಳೋ ಅವಶ್ಯಕತೆ ಇಲ್ಲ.

ಆಫೀಸಿನ ಡ್ರಾಯರಲ್ಲಿ ಒಂದು ಟಾಪ್, ಒಂದು ಜೊತೆ ಬ್ರೆಸ್ಟ್ ಪ್ಯಾಡ್, ಒದ್ದೆ ಬಟ್ಟೆ ಹಾಕೋಕೆ ಒಂದು ಕವರ್ ಯಾವಾಗ್ಲೂ ಇರ್ಲಿ. ಹಾಲಿನ ಕಲೆಗೆ ಬಿಸಿನೀರು ಹಾಕಬೇಡಿ, ಅದ್ರಲ್ಲಿರೋ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ದಾರಕ್ಕೆ ಹಿಡ್ಕೊಳತ್ತೆ, ಮೊದ್ಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಎನ್ಜೈಮ್ ಇರೋ ಡಿಟರ್ಜೆಂಟಲ್ಲಿ ಸ್ವಲ್ಪ ಹೊತ್ತು ನೆನೆಸಿ. ಜಿಡ್ಡಿನ ನೆರಳು ಉಳಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ. ರೇಷ್ಮೆ, ಉಣ್ಣೆಗೆ ಮಾತ್ರ ಎನ್ಜೈಮ್ ಡಿಟರ್ಜೆಂಟ್ ತಗಲಿಸಬೇಡಿ, ಅವೂ ಪ್ರೋಟೀನೇ, ಕಲೆ ಜೊತೆ ಬಟ್ಟೆನೂ ಹೋಗತ್ತೆ.

9. ಎರಡನೇ ರೌಂಡು

ಹಾಲು ಬಿಡಿಸಿ ಕೆಲವು ತಿಂಗಳಾದ್ಮೇಲೆ ಮತ್ತೆ ಟೇಪ್ ತಗೊಂಡು ಮೊದಲ್ನೇ ಸಲ ಬರ್ಕೊಂಡ ಚೀಟಿ ಪಕ್ಕದಲ್ಲಿಟ್ಟು ಅಳೀರಿ. ಮತ್ತೆ ಬ್ರಾ ಇಂದಾನೇ ಶುರು, ಎದೆ ಈಗ ಮುಂಚಿಗಿಂತ ಚಿಕ್ಕದೂ ಆಗಿರಬಹುದು, ನರ್ಸಿಂಗ್ ಬ್ರಾ ಹಾಕ್ಕೊಂಡೇ ಹೊಸ ಟಾಪ್ ಟ್ರೈ ಮಾಡಿದ್ರೆ ಲೆಕ್ಕ ತಪ್ಪತ್ತೆ. ಮೊದಲ ರೌಂಡಿನ ಟಾಪುಗಳು ಸಡಿಲ ಆಗಿದ್ರೆ ಸೈಡ್ ಹಿಡಿಸಿ, ಹೆಚ್ಚಾದ ಬಟ್ಟೆ ಕತ್ತರಿಸಬೇಡ ಒಳಗೇ ಬಿಡು ಅಂತ ಟೈಲರಿಗೆ ಹೇಳಿ. ಅಟ್ಟದ ಡಬ್ಬನೂ ಈಗ ತೆಗೀರಿ, ಆಗೋದು ಕಪಾಟಿಗೆ, ಪಕ್ಕೆ, ಸೊಂಟದ ಮೂಳೆ ಹತ್ರ ಈಗ್ಲೂ ಹಿಡಿಯೋದು ಬೇರೆಯವರಿಗೆ ಕೊಡಿ, ಮೂಳೆ ಅಗಲ ಆಗಿದ್ರೆ ಅದು ತೂಕ ಇಳಿದ್ರೂ ಆಗಲ್ಲ. ಬ್ಲೇಜರ್ ತಗೊಳ್ಳೋ ಟೈಮ್ ಈಗ ಬಂತು, ಅದ್ರ ಭುಜ ಮತ್ತೆ ಎದೆ ಆಲ್ಟರ್ ಮಾಡೋದು ಅಂದ್ರೆ ಲೈನಿಂಗ್, ಪ್ಯಾಡ್ ಎಲ್ಲ ಬಿಚ್ಚಿ ಮತ್ತೆ ಹೊಲಿದಂಗೆ, ಬಹಳ ಟೈಲರ್‌ಗಳು ಆಗಲ್ಲ ಅಂತಾನೇ ಹೇಳ್ತಾರೆ. ಒಳಗೆ ನೀವು ದಿನಾ ಹಾಕೋ ಟಾಪ್ ಹಾಕ್ಕೊಂಡೇ ಹೋಗಿ ಟ್ರೈ ಮಾಡಿ, ಮುಂದಿನ ಬಟನ್ ಹಾಕಿ ಎರಡೂ ಕೈ ಮುಂದೆ ಚಾಚಿದಾಗ ಬೆನ್ನ ಮೇಲೆ ಅಡ್ಡ ಗೆರೆ ಎಳೀಬಾರ್ದು.